ಬಿಲ್ ತಕರಾರು, ಸಿಟ್ಟಾದ ಗ್ರಾಹಕ: ವ್ಯತ್ಯಾಸದ ಅಂಕಿಯಿಂದ ಕಾರಣ ಹಿಡಿಯುವ ಕೈಪಿಡಿ

"ಈ ಬಿಲ್ ತಪ್ಪು, ನಾನು ಕಟ್ಟಲ್ಲ" ಎಂದು ಶುರುವಾಗುವ ಕರೆಯಲ್ಲಿ, ಅದು ವಿದ್ಯುತ್ತಿನದೋ ನೀರಿನದೋ ಫೋನಿನದೋ ಆಗಿರಲಿ, ಸರಿಪಡಿಸಬೇಕಾದದ್ದು ಎರಡಿರುತ್ತವೆ: ಬಿಲ್ಲಿನ ಲೆಕ್ಕ ಮತ್ತು ಗ್ರಾಹಕರ ನಂಬಿಕೆ. ಹೊಸದಾಗಿ ಕೌಂಟರಿಗೋ ಕಾಲ್ ಸೆಂಟರಿಗೋ ಬಂದವರಿಗೆ ಸಾಮಾನ್ಯವಾಗಿ ಎರಡನೆಯದನ್ನು ಮೊದಲು ಹೇಳಿಕೊಡುತ್ತಾರೆ. ದನಿ ತಗ್ಗಿಸಿ, ಕ್ಷಮೆ ಕೇಳಿ, ಸಮಾಧಾನ ಮಾಡಿ ಎನ್ನುತ್ತಾರೆ. ಅದೆಲ್ಲ ಬೇಕು, ನಿಜ. ಆದರೆ ಲೆಕ್ಕದ ಗಂಟು ಬಿಚ್ಚದೆ ಮಾಡಿದ ಸಮಾಧಾನ ಮುಂದಿನ ಬಿಲ್ ಬರುವವರೆಗೆ ಮಾತ್ರ ಉಳಿಯುತ್ತದೆ. ಅದೇ ತಪ್ಪು ಮತ್ತೆ ಕಂಡಾಗ ಅದೇ ವ್ಯಕ್ತಿ ದುಪ್ಪಟ್ಟು ಸಿಟ್ಟಿನಿಂದ ಕರೆ ಮಾಡುತ್ತಾರೆ, ಆಗ ಅವರ ಸಿಟ್ಟಿಗೆ ಪೂರ್ತಿ ನ್ಯಾಯವೂ ಇರುತ್ತದೆ. ಹಾಗಾಗಿ ಇಲ್ಲಿ ಅಂಕಿಯಿಂದ ಶುರು ಮಾಡಿ ಮನುಷ್ಯರ ಕಡೆಗೆ ಹೋಗುತ್ತೇವೆ.

ಮೊದಲ ಎರಡು ನಿಮಿಷ

ಗ್ರಾಹಕರು ಮಾತು ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಬಹುತೇಕರ ಮೊದಲ ಆವೇಗ ಒಂದೂವರೆ, ಎರಡು ನಿಮಿಷದಲ್ಲಿ ಇಳಿಯುತ್ತದೆ. ನಡುವೆ ತಡೆದರೆ ಅವರು ಮೊದಲಿನಿಂದ ಶುರು ಮಾಡುತ್ತಾರೆ. ಕೇಳುತ್ತಲೇ ಮೂರು ವಿಷಯ ಬರೆದುಕೊಳ್ಳಿ: ಯಾವ ತಿಂಗಳ ಬಿಲ್, ಬಾಯಿಂದ ಬಂದ ಅಂಕಿಗಳು, ಇದು ಎಷ್ಟನೇ ಸಲದ ದೂರು. "ಮೂರನೇ ಸಲ ಫೋನ್ ಮಾಡ್ತಾ ಇದೀನಿ" ಎಂದು ಕಿವಿಗೆ ಬಿದ್ದರೆ ಮೊದಲು ಹಳೆಯ ಟಿಕೆಟ್ಟುಗಳ (ದೂರಿನ ದಾಖಲೆಗಳ) ಟಿಪ್ಪಣಿ ಓದಿ. ಆಮೇಲೆ, "ನಿಮ್ಮ ಹಿಂದಿನ ಎರಡು ದೂರೂ ನನ್ನ ಮುಂದೆ ಇವೆ, ನೀವು ಮತ್ತೆ ಮೊದಲಿಂದ ಹೇಳಬೇಕಿಲ್ಲ" ಎನ್ನಿ. ಕರೆಯ ಉಷ್ಣತೆ ಇಳಿಸಲು ಇದಕ್ಕಿಂತ ಒಳ್ಳೆಯ ಮಾತು ಇಲ್ಲ.

ಖಾತೆಯ ವಿವರ ಹೇಳುವ ಮೊದಲು ಗುರುತು ಪರಿಶೀಲಿಸಿ. ಸಿಟ್ಟಿನಲ್ಲಿರುವವರ ಮುಂದೆ ಈ ಹೆಜ್ಜೆ ಬಿಟ್ಟುಬಿಡುವ ಆಸೆ ಆಗುತ್ತದೆ, ಬಿಡಬಾರದು. ಖಾತೆ ಗಂಡನ ಹೆಸರಿನಲ್ಲಿದ್ದು ಹೆಂಡತಿ ಮಾತಾಡುತ್ತಿದ್ದರೂ, ಅಪ್ಪನ ಬದಲು ಮಗ ಮಾತಾಡುತ್ತಿದ್ದರೂ, ಅನುಮತಿ ದಾಖಲಾಗಿಲ್ಲವೆಂದರೆ ದೂರು ದಾಖಲಿಸಿಕೊಳ್ಳಬಹುದೇ ಹೊರತು ಕರೆಗಳ ಪಟ್ಟಿ, ಪಾವತಿ ವಿವರ ಓದಿ ಹೇಳುವಂತಿಲ್ಲ.

ಆಮೇಲೆ ಈ ಒಂದು ಪ್ರಶ್ನೆ ಕೇಳಿ: "ನಿಮ್ಮ ಲೆಕ್ಕದ ಪ್ರಕಾರ ಎಷ್ಟು ಬರಬೇಕಿತ್ತು?"

ಇಡೀ ತಪಾಸಣೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಪ್ರಶ್ನೆ ಇದು. ಬಿಲ್ಲಿನ ಮೊತ್ತದಿಂದ ಅವರು ಹೇಳಿದ ಮೊತ್ತ ಕಳೆದರೆ ಒಂದು ವ್ಯತ್ಯಾಸ ಸಿಗುತ್ತದೆ. ನೀವು ಬಿಲ್ ಪೂರ್ತಿ ಓದಿ ವಿವರಿಸುವ ಅಗತ್ಯವಿಲ್ಲ, ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಿದರೆ ಸಾಕು. ಗ್ರಾಹಕರಿಗೂ ತಮ್ಮ ಲೆಕ್ಕವನ್ನು ಯಾರೋ ಕೇಳಿಸಿಕೊಂಡರು ಅನ್ನಿಸುತ್ತದೆ. "ಎಷ್ಟು ಅಂತ ಗೊತ್ತಿಲ್ಲ, ಪ್ರತಿ ತಿಂಗಳು ಕಮ್ಮಿ ಬರ್ತಿತ್ತು" ಎಂದರೆ ಹಿಂದಿನ ಮೂರು ಬಿಲ್ಲುಗಳ ಸರಾಸರಿಯನ್ನೇ ಅವರ ನಿರೀಕ್ಷೆ ಎಂದು ಹಿಡಿಯಿರಿ.

ವ್ಯತ್ಯಾಸವನ್ನು ಓದುವುದು

ವ್ಯತ್ಯಾಸ ಹಿಂದಿನ ತಿಂಗಳ ಬಿಲ್ಲಿಗೆ ಸರಿಯಾಗಿ ಸಮವಾಗಿದ್ದರೆ ಅದು ಹಿಂದಿನ ಬಾಕಿ: ಪಾವತಿ ಆಗಿಲ್ಲ, ಇಲ್ಲವೇ ಆಗಿದ್ದೂ ಖಾತೆಗೆ ಜಮಾ ಆಗಿಲ್ಲ. ಹಿಂದಿನ ಬಿಲ್ಲುಗಳಲ್ಲಿ ಕಾಣುತ್ತಿದ್ದ ರಿಯಾಯಿತಿಗೆ ಸಮವಾಗಿದ್ದರೆ ಆಫರ್ ಅವಧಿ ಮುಗಿದಿದೆ. ಚಿಕ್ಕ, ದುಂಡಾದ ಮೊತ್ತವಾಗಿದ್ದರೆ ತಡಪಾವತಿ ಶುಲ್ಕವನ್ನೋ ಮುದ್ರಿತ ಬಿಲ್ಲಿನ ಶುಲ್ಕವನ್ನೋ ಹುಡುಕಿ. ಮೀಟರ್ ರೀಡಿಂಗ್ ಹತ್ತು ಪಟ್ಟು ಕಂಡರೆ ಮೀಟರಿನ ದಶಮಾಂಶ ಅಂಕೆಯನ್ನು ಪೂರ್ಣಾಂಕವೆಂದು ಓದಿರುವ ಸಾಧ್ಯತೆ ಇದೆ.

ರೀಡಿಂಗ್ ಅಥವಾ ಪಾವತಿಯ ಅಂಕಿಯಲ್ಲಿನ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾಗಿವೆಯೇ ನೋಡಿ. 4,375 ಎಂಬ ರೀಡಿಂಗ್ 4,735 ಎಂದು ಟೈಪ್ ಆದರೆ ವ್ಯತ್ಯಾಸ 360, ಅಂದರೆ 9ರ 40 ಪಟ್ಟು. ಲೆಕ್ಕಿಗರು ಬಹಳ ಹಿಂದಿನಿಂದ ಬಳಸುವ ಪರೀಕ್ಷೆ ಇದು. ಆದರೆ ಒಂಬತ್ತರಲ್ಲಿ ಒಂದು ಸಂಖ್ಯೆ ಹೇಗೂ 9ರಿಂದ ಭಾಗವಾಗುತ್ತದೆ. ಹಾಗಾಗಿ ಇದನ್ನು ಸುಳಿವೆಂದು ಮಾತ್ರ ಹಿಡಿದು ಮೂಲ ದಾಖಲೆ ತೆರೆದು ಖಚಿತಪಡಿಸಿಕೊಳ್ಳಿ. ಬಿಲ್ ಮೊತ್ತದ ವ್ಯತ್ಯಾಸದ ಮೇಲೆ ಈ ಪರೀಕ್ಷೆ ಮಾಡಬೇಡಿ. ದರದಿಂದ ಗುಣಿಸಿ ತೆರಿಗೆ ಸೇರಿದ ಮೇಲೆ ಗುರುತು ಅಳಿಸಿಹೋಗಿರುತ್ತದೆ. ರೀಡಿಂಗ್ ಅಥವಾ ಪಾವತಿಯ ಕಚ್ಚಾ ಅಂಕಿಯ ಮೇಲೆ ಮಾಡಿ.

ವ್ಯತ್ಯಾಸದ ಅರ್ಧ ಮೊತ್ತ ಖಾತೆಯಲ್ಲಿ ಎಲ್ಲಾದರೂ ಕಂಡರೆ ಜಮಾ ಮಾಡಬೇಕಾದದ್ದನ್ನು ಖರ್ಚಿಗೆ ಹಾಕಿದ್ದಾರೆ ಎಂದು ಶಂಕಿಸಿ. 250 ಕಳೆಯಬೇಕಿದ್ದಲ್ಲಿ 250 ಕೂಡಿಸಿದರೆ ಬಿಲ್ 500 ಹೆಚ್ಚಾಗುತ್ತದೆ.

ಬಳಕೆಯ ಬಿಲ್ ಶೇ 10ರಿಂದ 20ರಷ್ಟು ಏರಿದ್ದು, ಬೇರೇನೂ ಬದಲಾಗಿಲ್ಲವೆಂದರೆ ಮೊದಲು ದಿನ ಎಣಿಸಿ. ಕಳೆದ ಬಿಲ್ 28 ದಿನದ್ದು, ಈ ಸಲದ್ದು 33 ದಿನದ್ದು ಆಗಿದ್ದರೆ ದಿನದ ಬಳಕೆ ಹಾಗೇ ಇದ್ದರೂ ಯೂನಿಟ್ ಸುಮಾರು ಶೇ 18 ಹೆಚ್ಚು ಬರುತ್ತದೆ. ಸ್ಲ್ಯಾಬ್ ದರ (ಬಳಕೆ ಒಂದೊಂದು ಮಿತಿ ದಾಟಿದಂತೆ ಏರುವ ದರ) ಇರುವ ಕಡೆ ಇನ್ನೊಂದು ಪ್ರಶ್ನೆಯೂ ಉಂಟು: ದಿನ ಹೆಚ್ಚಿದಂತೆ ಸ್ಲ್ಯಾಬಿನ ಮಿತಿಯನ್ನೂ ಅದೇ ಅನುಪಾತದಲ್ಲಿ ಹಿಗ್ಗಿಸಿದ್ದಾರೆಯೇ? ಹಿಗ್ಗಿಸಿಲ್ಲವೆಂದರೆ ಗ್ರಾಹಕರ ದೂರಿನಲ್ಲಿ ಹುರುಳಿದೆ.

ಅಂದಾಜು ಬಿಲ್ಲಿನ ಬಲೆ

ಅತ್ಯಂತ ಹೆಚ್ಚು ಕೂಗಾಟ ತರುವ, ಅಷ್ಟೇ ಹೆಚ್ಚು ತಪ್ಪಾಗಿ ನಿಭಾಯಿಸುವ ಪ್ರಕರಣ ಇದು. ಮೀಟರ್ ಓದಲಾಗದ ತಿಂಗಳು ಅಂದಾಜು ಬಿಲ್ ಹೋಗುತ್ತದೆ. ಆಮೇಲೆ ನಿಜವಾದ ರೀಡಿಂಗ್ ಬಂದ ತಿಂಗಳು ಉಳಿದ ಬಳಕೆಯೆಲ್ಲ ಒಂದೇ ಬಿಲ್ಲಿನ ಮೇಲೆ ಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ. ಕೊನೆಯ ನಿಜ ರೀಡಿಂಗ್ 4,210. ಎರಡು ತಿಂಗಳು ತಲಾ 60 ಯೂನಿಟ್ ಅಂದಾಜು, ಅಂದರೆ 4,270 ಮತ್ತು 4,330. ಮೂರನೇ ತಿಂಗಳು ನಿಜ ರೀಡಿಂಗ್ 4,510. ಆ ತಿಂಗಳ ಬಿಲ್ಲಿನಲ್ಲಿ 180 ಯೂನಿಟ್. ಮೊದಲ 100 ಯೂನಿಟ್‌ಗೆ ದರ 4, ಅದರ ಮೇಲಿನದಕ್ಕೆ 7 ಎಂದಿಟ್ಟುಕೊಳ್ಳಿ. ಮೂರು ಬಿಲ್ಲುಗಳು 240, 240 ಮತ್ತು 960, ಒಟ್ಟು 1,440. ನಿಜವಾದ ಬಳಕೆ ಮೂರು ತಿಂಗಳಿಗೆ 300 ಯೂನಿಟ್. ತಿಂಗಳಿಗೆ 100ರಂತೆ ಹಂಚಿದರೆ ತಲಾ 400, ಒಟ್ಟು 1,200. ಗ್ರಾಹಕರಿಂದ 240 ಹೆಚ್ಚು ಕೇಳಲಾಗಿದೆ.

ಇಲ್ಲಿ ಸಿಬ್ಬಂದಿ "ಮೀಟರ್ ಸರಿಯಾಗೇ ಇದೆ, ನೀವು ಬಳಸಿದ್ದೇ" ಎನ್ನುತ್ತಾರೆ. ಮಾತು ಸುಳ್ಳಲ್ಲ, ಯೂನಿಟ್ಟುಗಳು ನಿಜ. ತಪ್ಪಿರುವುದು ಯೂನಿಟ್ಟಿನಲ್ಲಿ ಅಲ್ಲ, ಎರಡು ತಿಂಗಳ ಅಗ್ಗದ ಸ್ಲ್ಯಾಬಿನಲ್ಲಿ ತಲಾ 40 ಯೂನಿಟ್ ಗ್ರಾಹಕರ ಕೈತಪ್ಪಿದ್ದರಲ್ಲಿ. ಹಾಗಾಗಿ ಯೂನಿಟ್ ಸರಿ ಎಂದು ಸಾಬೀತುಪಡಿಸಿ ಕರೆ ಮುಗಿಸಬೇಡಿ. ಕೊನೆಯ ನಿಜ ರೀಡಿಂಗಿನಿಂದ ಈಗಿನ ನಿಜ ರೀಡಿಂಗಿನವರೆಗೆ ಹಂಚಿ ಮರುಲೆಕ್ಕಕ್ಕೆ ಕಳಿಸಿ. ರೀಡಿಂಗಿನ ಪಕ್ಕದಲ್ಲಿ ಅಂದಾಜು ಎಂಬ ಗುರುತು ಇದೆಯೇ ಎಂದು ನೋಡದೆ ಯಾವ ಬಳಕೆ ತಕರಾರಿಗೂ ಉತ್ತರ ಕೊಡಬೇಡಿ.

ಐದು ಅಂಕೆಯ ಹಳೆಯ ಮೀಟರುಗಳಲ್ಲಿ 99,999 ದಾಟಿ ಮತ್ತೆ ಸೊನ್ನೆಯಿಂದ ಎಣಿಕೆ ಶುರುವಾಗುವುದೂ ಉಂಟು. ಹಿಂದಿನದು 99,940, ಈಗ 00,065 ಆದರೆ ಬಳಕೆ 125 ಯೂನಿಟ್. ಸಾಫ್ಟ್‌ವೇರಿಗೆ ಇದು ತಿಳಿಯದಿದ್ದರೆ ಋಣ ಸಂಖ್ಯೆಯೋ ವಿಪರೀತ ದೊಡ್ಡ ಸಂಖ್ಯೆಯೋ ಬರುತ್ತದೆ.

ರೀಡಿಂಗ್, ದಿನ, ದರ ಎಲ್ಲವೂ ಸರಿ ಇದ್ದೂ ಬಳಕೆ ಹೆಚ್ಚಿದ್ದರೆ ಗ್ರಾಹಕರೇ ಮಾಡಬಹುದಾದ ಪರೀಕ್ಷೆ ಹೇಳಿ. ನೀರಿಗೆ: ಎಲ್ಲ ನಲ್ಲಿ ಬಂದ್ ಮಾಡಿ, ಮೀಟರಿನ ಕೊನೆಯ ಅಂಕೆ ಬರೆದುಕೊಂಡು, ಒಂದು ಗಂಟೆ ನೀರು ಮುಟ್ಟದೆ ಮತ್ತೆ ನೋಡಬೇಕು. ಅಂಕೆ ಸರಿದಿದ್ದರೆ ಸೋರಿಕೆ. ಹಲವು ಸಲ ಅದು ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿರುತ್ತದೆ. ಟ್ಯಾಂಕಿಗೆ ಎರಡು ಹನಿ ಆಹಾರದ ಬಣ್ಣ ಹಾಕಿ, ಫ್ಲಶ್ ಮಾಡದೆ 20 ನಿಮಿಷ ಬಿಟ್ಟು ನೋಡಿದರೆ, ಸೋರಿಕೆ ಇದ್ದಲ್ಲಿ ಕಮೋಡಿಗೆ ಬಣ್ಣ ಇಳಿದಿರುತ್ತದೆ. ವಿದ್ಯುತ್ತಿಗೆ: ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಮೀಟರ್ ಎಣಿಸುತ್ತಿದ್ದರೆ ಮೀಟರ್ ದೋಷ ಅಥವಾ ಬೇರೆ ಸಂಪರ್ಕ ಸೇರಿಕೊಂಡಿರುವ ಶಂಕೆ ಇದೆ, ಸ್ಥಳ ಪರಿಶೀಲನೆಗೆ ಬರೆಯಿರಿ.

ಪ್ಲಾನ್ ಬದಲಾದ ತಿಂಗಳು

"900ರ ಪ್ಲಾನ್ ಅಂದ್ರಿ, 1,100 ಬಂದಿದೆ." ತಿಂಗಳಿಗೆ 600ರ ಪ್ಲಾನ್ ಮುಂಗಡವಾಗಿ ಕಟ್ಟಿದ್ದವರು 30 ದಿನದ ತಿಂಗಳ 11ನೇ ತಾರೀಕು 900ರ ಪ್ಲಾನಿಗೆ ಬದಲಾದರು. ಹಳೆಯ ಪ್ಲಾನಿನ ಬಳಸದ 20 ದಿನಕ್ಕೆ 400 ವಾಪಸ್, ಹೊಸದರ 20 ದಿನಕ್ಕೆ 600, ಮುಂದಿನ ತಿಂಗಳ ಮುಂಗಡ 900. ಒಟ್ಟು 1,100. ಬಿಲ್ ಸರಿ ಇದೆ. ಹೇಳುವಾಗ ವ್ಯತ್ಯಾಸದ 200 ಅನ್ನು ಮಾತ್ರ ಹೇಳಿ: "ಹೊಸ ಪ್ಲಾನ್ 20 ದಿನ ಮೊದಲೇ ಶುರುವಾಯ್ತು, ಆ 20 ದಿನದ ಹೆಚ್ಚುವರಿ 200. ಮುಂದಿನ ತಿಂಗಳಿಂದ 900 ಮಾತ್ರ." ಮೂರೂ ಸಾಲು ಓದಿ ವಿವರಿಸಲು ಹೊರಟರೆ ನಡುವಿನಲ್ಲೇ ಗ್ರಾಹಕರ ತಾಳ್ಮೆ ಹೋಗುತ್ತದೆ. 400 ವಾಪಸ್ ಎಂಬ ಸಾಲು ಬಿಲ್ಲಿನಲ್ಲಿ ಇಲ್ಲವೇ ಇಲ್ಲವೆಂದರೆ ಅದು ನಿಜವಾದ ದೋಷ, ತಿದ್ದುಪಡಿ ಮಾಡಿಸಿ.

"ಕಟ್ಟಿದೀನಿ, ಮತ್ತೆ ಕೇಳ್ತೀರಾ?"

ಕಟ್ಟಿದವರಿಗೆ ಕಟ್ಟಿಲ್ಲ ಎನ್ನುವುದು ಅವಮಾನ. ಆದ್ದರಿಂದ "ನಮಗೆ ಬಂದಿಲ್ಲ" ಎಂಬ ಉತ್ತರದ ಬದಲು "ಹಣ ಎಲ್ಲಿ ನಿಂತಿದೆ ನೋಡೋಣ" ಎನ್ನಿ. ಸ್ಕ್ರೀನ್‌ಶಾಟ್ ಸಾಲದು, ಅದರಲ್ಲಿ ಪಾವತಿ ಶುರುವಾಯಿತು ಎಂದಷ್ಟೇ ಇರಬಹುದು. ವ್ಯವಹಾರದ ಉಲ್ಲೇಖ ಸಂಖ್ಯೆ, ದಿನಾಂಕ, ನಿಖರ ಮೊತ್ತ, ಯಾವ ಖಾತೆ ಸಂಖ್ಯೆಗೆ ಕಟ್ಟಿದ್ದು ಎಂಬ ನಾಲ್ಕು ವಿವರ ಕೇಳಿ. ಕಾರ್ಡಿನ ಪೂರ್ತಿ ಸಂಖ್ಯೆ, ಹಿಂಬದಿಯ ಮೂರು ಅಂಕೆ, ಒಟಿಪಿ ಎಂದಿಗೂ ಕೇಳಬಾರದು. ಅವರಾಗಿ ಹೇಳಲು ಹೊರಟರೂ ತಡೆಯಿರಿ.

ಹುಡುಕುವ ಕ್ರಮ: ಮೊದಲು ಪಾವತಿ ದಿನಾಂಕ ಮತ್ತು ಬಿಲ್ ತಯಾರಾದ ದಿನಾಂಕ ಹೋಲಿಸಿ. 4ರ ರಾತ್ರಿ ಕಟ್ಟಿದ ಹಣ 6ಕ್ಕೆ ಜಮಾ ಆಗಿ, ಬಿಲ್ 5ಕ್ಕೆ ತಯಾರಾಗಿದ್ದರೆ ಎರಡೂ ದಾರಿಯಲ್ಲಿ ಪರಸ್ಪರ ದಾಟಿವೆ, ಅಷ್ಟೇ. ಎರಡನೆಯದಾಗಿ ಅದೇ ಗ್ರಾಹಕರ ಹಳೆಯ ಅಥವಾ ಮುಚ್ಚಿದ ಖಾತೆ ನೋಡಿ, ಉಳಿಸಿಟ್ಟ ಹಳೆಯ ಸಂಖ್ಯೆಗೆ ಕಟ್ಟಿರುವುದು ಸಾಮಾನ್ಯ. ಮೂರನೆಯದು, ಯಾರದೆಂದು ತಿಳಿಯದ ಹಣ ನಿಲ್ಲುವ ಸಸ್ಪೆನ್ಸ್ ಖಾತೆ; ಅಲ್ಲಿ ಹೆಸರಿನಿಂದ ಹುಡುಕಿದರೆ ಸಿಗದು, ಮೊತ್ತ ಮತ್ತು ದಿನಾಂಕದಿಂದ ಹುಡುಕಿ. ಎಲ್ಲೂ ಇಲ್ಲದಿದ್ದರೆ ಪಾವತಿ ವಿಫಲವಾಗಿ ಬ್ಯಾಂಕಿಗೆ ಹಿಂತಿರುಗಿದೆಯೇ ಎಂದು ಗ್ರಾಹಕರ ಸ್ಟೇಟ್‌ಮೆಂಟ್ ನೋಡಲು ಹೇಳಿ.

ಎರಡು ಸಲ ಕಡಿತವಾಗಿದೆ ಎಂಬ ದೂರಿನಲ್ಲಿ ಎರಡೂ ಸಾಲುಗಳ ಸ್ಥಿತಿ ಕೇಳಿ. ಒಂದು ಇನ್ನೂ ಪೂರ್ಣಗೊಳ್ಳದ (ಪೆಂಡಿಂಗ್) ಸ್ಥಿತಿಯಲ್ಲಿದ್ದರೆ ಅದು ಸಾಮಾನ್ಯವಾಗಿ ಬ್ಯಾಂಕ್ ತಾತ್ಕಾಲಿಕವಾಗಿ ಹಿಡಿದಿಟ್ಟ ಮೊತ್ತ, ತಾನಾಗಿಯೇ ಬಿಡುಗಡೆಯಾಗುತ್ತದೆ. ಎರಡೂ ಪೂರ್ಣಗೊಂಡಿದ್ದರೆ ಮರುಪಾವತಿ ಮಾಡಿಸಿ. ಆದರೆ ಅದಕ್ಕೂ ಮೊದಲು "ಬ್ಯಾಂಕಿನಲ್ಲಿ ದೂರು ಕೊಟ್ಟಿದ್ದೀರಾ?" ಎಂದು ಕೇಳಿ. ಬ್ಯಾಂಕ್ ಆ ಕಡೆಯಿಂದ ಹಣ ಎಳೆದುಕೊಂಡು, ನೀವೂ ಈ ಕಡೆಯಿಂದ ಕೊಟ್ಟರೆ ಒಂದೇ ಹಣ ಎರಡು ಸಲ ವಾಪಸಾಗಿ ಹೊಸ ತಕರಾರು ಹುಟ್ಟುತ್ತದೆ.

ಹೋಲ್ಡ್ (ತಕರಾರಿನ ಮೊತ್ತದ ವಸೂಲಿಗೆ ತಡೆ): ಬಹುಪಾಲು ಕಡೆ ಕೆಡುವುದು ಇಲ್ಲೇ

ಕಾರಣ ಕರೆಯಲ್ಲೇ ಸಿಗದಿದ್ದರೆ ಟಿಕೆಟ್ ತೆರೆಯುತ್ತೀರಿ. ಮರುದಿನ ಬೆಳಿಗ್ಗೆ ಗ್ರಾಹಕರಿಗೆ "ಇಂದೇ ಪಾವತಿಸಿ, ಇಲ್ಲದಿದ್ದರೆ ಸಂಪರ್ಕ ಕಡಿತ" ಎಂಬ ಸಂದೇಶ ಹೋಗುತ್ತದೆ. ದೂರಿನ ವ್ಯವಸ್ಥೆ ಒಂದು, ವಸೂಲಿ ವ್ಯವಸ್ಥೆ ಇನ್ನೊಂದು. ಟಿಕೆಟ್ ತೆರೆದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಶಾಂತವಾಗಿ ಹೋದ ಗ್ರಾಹಕರು ಕಡು ಕೋಪದಲ್ಲಿ ಮರಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ತಪ್ಪು ಪೂರ್ತಿ ನಮ್ಮ ಕಡೆಯದು.

ಕರೆ ಮುಗಿಯುವ ಮೊದಲು ನಾಲ್ಕು ವಿಷಯ ಒಂದೊಂದಾಗಿ ಪರಿಶೀಲಿಸಿ: ತಡಪಾವತಿ ಶುಲ್ಕ ನಿಂತಿತೇ, ನೆನಪೋಲೆಗಳು ನಿಂತವೇ, ಸಂಪರ್ಕ ಕಡಿತದ ಆದೇಶ ತಡೆಯಲ್ಪಟ್ಟಿತೇ, ಸ್ವಯಂಚಾಲಿತ ಪಾವತಿ ಇದ್ದರೆ ಅದು ಪೂರ್ತಿ ಮೊತ್ತವನ್ನು ಎಳೆದುಕೊಳ್ಳುವುದು ನಿಂತಿತೇ. ನಾಲ್ಕನೆಯದನ್ನು ಅತಿ ಹೆಚ್ಚು ಮರೆಯುತ್ತಾರೆ. ಹೋಲ್ಡ್ ಮಾಡಬೇಕಾದದ್ದು ತಕರಾರಿನ ಮೊತ್ತವನ್ನು ಮಾತ್ರ. ಅಂದಾಜು ಬಿಲ್ಲಿನ ಉದಾಹರಣೆಯಲ್ಲಿ ಮೂರನೇ ಬಿಲ್ 960, ತಕರಾರು 240 ಎಂದರೆ ಉಳಿದ 720 ಕಟ್ಟುವುದು ಗ್ರಾಹಕರಿಗೇ ಒಳ್ಳೆಯದು ಎಂದು ವಿವರಿಸಿ, ಆಮೇಲೆ ಹಿಂದಿನ ಬಾಕಿಯ ಗೊಂದಲ ಸೇರಿಕೊಳ್ಳುವುದಿಲ್ಲ. ಹೋಲ್ಡ್‌ಗೆ ಕೊನೆಯ ದಿನಾಂಕ ಇರುತ್ತದೆ. ಅದನ್ನು ತನಿಖೆಯ ಗಡುವು ಮುಗಿದ ಕೆಲವು ದಿನಗಳ ನಂತರಕ್ಕೆ ಇಡಿಸಿ.

ಮಾತಿನ ಕಡೆ

"ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ" ಎನ್ನಬೇಡಿ. ಆ ಸಿಸ್ಟಮ್ಮಿನ ಮೇಲೇ ಅವರ ತಕರಾರು. "ಸಮಾಧಾನ ಮಾಡ್ಕೊಳ್ಳಿ" ಎಂಬುದು ಸಮಾಧಾನ ತಂದದ್ದು ಅಪರೂಪ. "ಪಾಲಿಸಿ ಇದೆ" ಎಂದರೆ ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತದೆ. ನಿಯಮ ಇದ್ದರೆ ಅದು ಏನು ಹೇಳುತ್ತದೆ, ಯಾವ ದಿನದಿಂದ ಜಾರಿಯಲ್ಲಿದೆ, ಅವರಿಗೆ ಯಾವಾಗ ತಿಳಿಸಲಾಗಿತ್ತು ಎಂದು ಹೇಳಿ. ಲೆಕ್ಕ ನೋಡಲು ಸಮಯ ಬೇಕಾದರೆ ಏನು ನೋಡುತ್ತಿದ್ದೀರಿ ಎಂದು ಹೇಳಿ ಕರೆಯನ್ನು ಹೋಲ್ಡ್‌ಗೆ ಹಾಕಿ, ಎರಡು ನಿಮಿಷಕ್ಕೊಮ್ಮೆ ಲೈನಿಗೆ ಬನ್ನಿ.

ತಪ್ಪು ನಮ್ಮದೆಂದು ಖಚಿತವಾದ ಕೂಡಲೇ ನೇರವಾಗಿ ಒಪ್ಪಿಕೊಳ್ಳಿ: "ಇದು ನಮ್ಮ ತಪ್ಪು. ಮೀಟರ್ ಅಂಕಿ ತಪ್ಪಾಗಿ ನಮೂದಾಗಿದೆ." ಖಚಿತವಾಗುವ ಮೊದಲೇ ಒಪ್ಪಿಕೊಳ್ಳಬೇಡಿ. ಆಮೇಲೆ ಬಿಲ್ ಸರಿ ಇದೆ ಎಂದು ಗೊತ್ತಾದರೆ ಹಿಂದೆ ಸರಿಯುವುದು ಬಹಳ ಕಷ್ಟ. ಅಲ್ಲಿಯವರೆಗೆ "ನಿಮಗೆ ಇಷ್ಟು ತೊಂದರೆಯಾದದ್ದಕ್ಕೆ ಬೇಸರ ಇದೆ, ಲೆಕ್ಕ ನೋಡ್ತಾ ಇದೀನಿ" ಎನ್ನುವುದು ಪ್ರಾಮಾಣಿಕ ಮಾತು.

ಬಿಲ್ ಸರಿ ಇದ್ದಾಗ ಗೆದ್ದವರಂತೆ ಮಾತಾಡಬಾರದು. ಗ್ರಾಹಕರ ಅಂಕಿಯಿಂದ ಶುರು ಮಾಡಿ, ವ್ಯತ್ಯಾಸ ಕೂಡಿಸಿ, ಬಿಲ್ಲಿನ ಅಂಕಿಗೆ ತಲುಪಿ. ಆಗಲೂ ಒಪ್ಪದಿದ್ದರೆ ಮೂರನೇ ಸಲ ಅದೇ ವಿವರಣೆ ಕೊಡುವುದರಿಂದ ಏನೂ ಆಗದು. ತೀರ್ಮಾನವನ್ನು ಕಾರಣ ಸಮೇತ ಬರಹದಲ್ಲಿ ಕಳಿಸಿ, ಮೇಲ್ಮನವಿ ಎಲ್ಲಿ, ಎಷ್ಟು ದಿನದೊಳಗೆ ಎಂದು ತಿಳಿಸಿ. ಕೋರ್ಟಿಗೆ ಹೋಗುತ್ತೇನೆ, ಜಾಲತಾಣದಲ್ಲಿ ಹಾಕುತ್ತೇನೆ ಎಂದಾಗಲೂ ಅಷ್ಟೇ. ವಾದ ಬೇಡ, ಹೆದರಿ ರಿಯಾಯಿತಿ ಕೊಡುವುದೂ ಬೇಡ. ಕಿರುಚಿದವರಿಗೆ ಮಾತ್ರ ಹಣ ಸಿಗುತ್ತದೆ ಎಂದಾದರೆ ಮೆತ್ತಗೆ ಕೇಳಿದವರಿಗೆ ಅನ್ಯಾಯವಾಗುತ್ತದೆ.

ವ್ಯತ್ಯಾಸವನ್ನೇ ಹೇಳದ, ಯಾವ ಸಾಲು ತಪ್ಪೆಂದೂ ತೋರಿಸದ, ಆದರೂ "ಬಿಲ್ ತಪ್ಪು" ಎಂದೇ ಹೇಳುತ್ತಿರುವ ಗ್ರಾಹಕರ ಬಗ್ಗೆ ವಿಶೇಷ ಗಮನ ಇರಲಿ. ಖಾತೆಯಲ್ಲಿ ಇತ್ತೀಚೆಗೆ ಭಾಗಶಃ ಪಾವತಿಗಳು, ಗಡುವು ದಾಟಿದ ದಿನಗಳು ಕಾಣುತ್ತಿದ್ದರೆ ಅವರ ಮಾತಿನ ಒಳಗಿರುವುದು "ಕಟ್ಟಲು ಆಗುತ್ತಿಲ್ಲ" ಎಂಬುದು. ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಸುಲಭವಲ್ಲ. ಮೊದಲು ಬಿಲ್ ಪೂರ್ತಿ ಪರಿಶೀಲಿಸಿ, ಏಕೆಂದರೆ ಕಷ್ಟದಲ್ಲಿರುವವರ ಬಿಲ್ಲೂ ತಪ್ಪಿರಬಹುದು. ಸರಿ ಇದೆ ಎಂದಾದ ಮೇಲೆ, "ಒಂದೇ ಸಲಕ್ಕೆ ಬೇಡ ಅನ್ನಿಸಿದ್ರೆ ಕಂತು ಮಾಡಿಕೊಡೋ ಅವಕಾಶ ಇದೆ, ಎಲ್ಲರಿಗೂ ಕೊಡ್ತೀವಿ" ಎಂದು ಸಹಜವಾಗಿ ಮುಂದಿಡಿ. ಕಂತಿನ ವ್ಯವಸ್ಥೆ ನಿಜಕ್ಕೂ ಇದ್ದರೆ ಮಾತ್ರ.

ಬಿಲ್ಲಿನ ಮೇಲಿನ ಸಿಟ್ಟು ಬೇರೆ, ಎದುರಿಗಿರುವವರ ಮೇಲಿನ ಬೈಗುಳ ಬೇರೆ. ಗಟ್ಟಿ ದನಿ, "ಕಳ್ಳ ಕಂಪನಿ" ಎಂಬಂಥ ಮಾತು ಸಹಿಸಬಹುದಾದದ್ದು. ವೈಯಕ್ತಿಕ ನಿಂದನೆ, ಅಶ್ಲೀಲ ಮಾತು ಬಂದರೆ ಒಮ್ಮೆ ಎಚ್ಚರಿಸಿ: "ನಿಮ್ಮ ಬಿಲ್ ಸರಿಮಾಡೋಕೆ ನಾನಿದೀನಿ. ಈ ಭಾಷೆ ಮುಂದುವರಿದರೆ ಕರೆ ಮುಗಿಸಬೇಕಾಗುತ್ತೆ." ಮುಂದುವರಿದರೆ ತಿಳಿಸಿ ಮುಗಿಸಿ, ಆಡಿದ ಮಾತನ್ನೇ ದಾಖಲಿಸಿ. ಹಲ್ಲೆಯ ಬೆದರಿಕೆಗೆ ಎಚ್ಚರಿಕೆಯ ಹಂತ ಬೇಡ, ಕೂಡಲೇ ಮೇಲಧಿಕಾರಿಗೆ ತಿಳಿಸಿ. ಕರೆ ಮುಗಿದರೂ ತಕರಾರಿನ ತನಿಖೆ ನಿಲ್ಲಬಾರದು. ಬೈದವರ ಬಿಲ್ಲೂ ತಪ್ಪಿರಬಹುದು.

ತಿದ್ದುಪಡಿ ಮತ್ತು ಮುಕ್ತಾಯ

ಸೌಹಾರ್ದಕ್ಕಾಗಿ ಕೊಡುವ ರಿಯಾಯಿತಿಯನ್ನೂ ದೋಷದ ತಿದ್ದುಪಡಿಯನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. ತಿದ್ದುಪಡಿಯಲ್ಲಿ ಮೂಲ ಮೊತ್ತದ ಜೊತೆಗೆ ಅದಕ್ಕೆ ಅಂಟಿಕೊಂಡು ಬಂದದ್ದೂ ಹೋಗಬೇಕು. 240 ತಪ್ಪು, ತೆರಿಗೆ ಶೇ 10 ಎಂದುಕೊಂಡರೆ 24 ತೆರಿಗೆಯೂ, ಆ ಕಾರಣದಿಂದ ಬಿದ್ದ ತಡಪಾವತಿ ಶುಲ್ಕವೂ ವಾಪಸಾಗಬೇಕು. 240 ಮಾತ್ರ ತೆಗೆದರೆ ಉಳಿದ ಚಿಲ್ಲರೆ ಬಾಕಿಯ ಮೇಲೆ ಮತ್ತೆ ಶುಲ್ಕ ಬೀಳುತ್ತದೆ. ತಪ್ಪಿನ ಮೂಲವನ್ನೂ ತಿದ್ದಿ: ತಪ್ಪು ರೀಡಿಂಗ್ ಹಾಗೇ ಉಳಿದರೆ ಮುಂದಿನ ತಿಂಗಳ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಟಿಪ್ಪಣಿ ಹೀಗಿರಲಿ: "ಗ್ರಾಹಕರ ನಿರೀಕ್ಷೆ 720, ಬಿಲ್ 960, ವ್ಯತ್ಯಾಸ 240. ಕಾರಣ: ಎರಡು ತಿಂಗಳ ಅಂದಾಜು, ಸ್ಲ್ಯಾಬ್ ಹಂಚಿಕೆ ಆಗಿಲ್ಲ. ಹೋಲ್ಡ್ ನಾಲ್ಕೂ ಆಗಿದೆ. ಮರುಲೆಕ್ಕ ಕಳಿಸಿದೆ. ಗುರುವಾರ ಸಂಜೆಯೊಳಗೆ ನಾವೇ ಕರೆ ಮಾಡುತ್ತೇವೆ ಎಂದು ಹೇಳಿದೆ." "ಗ್ರಾಹಕರು ಕೋಪದಲ್ಲಿದ್ದರು, ವಿವರಿಸಲಾಯಿತು" ಎಂಬ ಟಿಪ್ಪಣಿಯಿಂದ ಮುಂದಿನವರಿಗೆ ಏನೂ ತಿಳಿಯದು. ಹೇಳಿದ ಗುರುವಾರ ಉತ್ತರ ಸಿದ್ಧವಿಲ್ಲದಿದ್ದರೂ ಕರೆ ಮಾಡಿ, ಎಲ್ಲಿಯವರೆಗೆ ಬಂದಿದೆ ಎಂದು ಹೇಳಿ.

ಹಣ ವಾಪಸಾದ ದಿನ ಟಿಕೆಟ್ ಮುಚ್ಚಬೇಡಿ. ಮುಂದಿನ ಬಿಲ್ ತಯಾರಾದ ಮರುದಿನಕ್ಕೆ ನೆನಪು ಹಾಕಿಟ್ಟು, ಆ ಬಿಲ್ ತೆರೆದು, ತಿದ್ದುಪಡಿ ಬಂದಿದೆಯೇ, ಅದೇ ಸಾಲು ಮತ್ತೆ ಮೂಡಿದೆಯೇ ನೋಡಿ ಮುಚ್ಚಿ. ಅದೇ ಬಿಲ್ ಸೈಕಲ್ಲಿನ (ಒಂದೇ ದಿನ ಬಿಲ್ ತಯಾರಾಗುವ ಗುಂಪಿನ) ಬೇರೆ ಗ್ರಾಹಕರಿಂದಲೂ ಅದೇ ಬಗೆಯ ವ್ಯತ್ಯಾಸ ಬರತೊಡಗಿದರೆ ಒಂದೊಂದಾಗಿ ತಿದ್ದುತ್ತ ಕೂರಬೇಡಿ. ಸೈಕಲ್, ಪ್ಲಾನ್, ತಪ್ಪಿದ ಸಾಲು, ಸರಿಯಾದ ಲೆಕ್ಕ ಇಷ್ಟನ್ನು ಎರಡು ಮೂರು ಖಾತೆಗಳ ಉದಾಹರಣೆ ಸಮೇತ ಬಿಲ್ಲಿಂಗ್ ತಂಡಕ್ಕೆ ಕಳಿಸಿ, ಇನ್ನೂ ದೂರು ಕೊಡದ ಗ್ರಾಹಕರ ಬಿಲ್ಲುಗಳನ್ನೂ ತಿದ್ದುವಂತೆ ಕೇಳಿ.